ವೈದ್ಯರ ಪಟ್ಟಿ ಯಾರಿಗಾಗಿ?

ವೈದ್ಯನನ್ನು ಸಾಕ್ಷಾತ್ ನಾರಾಯಣನೆಂದು ಕರೆದ ನಾಡು ನಮ್ಮದು. ಹಾಗೆಂದು ನಮ್ಮ ಹಿರಿಯರು ವೈದ್ಯನನ್ನು ಕಣ್ಣುಮುಚ್ಚಿ ನಂಬಿದವರಲ್ಲ. ಶಾಸ್ತ್ರವನ್ನು ಓದಿ, ಕರ್ಮಾಭ್ಯಾಸ ಮಾಡಿ, ಅರಸನ ಅನುಜ್ಞೆ ಪಡೆದ ಮೇಲೆಯೇ ವೃತ್ತಿಗೆ ಇಳಿಯಬೇಕೆಂದು ಸುಶ್ರುತಸಂಹಿತೆ ವಿಧಿಸುತ್ತದೆ. ವೈದ್ಯವೇಷಧಾರಿಗಳ ಬಗ್ಗೆ ಎಚ್ಚರವಿರಲಿ ಎನ್ನುತ್ತದೆ ಚರಕಸಂಹಿತೆ.

ಇಂದಿನ ನೋಂದಣಿ ವ್ಯವಸ್ಥೆಯ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿ ಔಷಧಿ ಬರೆಯುವವರು, ಶಸ್ತ್ರಚಿಕಿತ್ಸಕರು, ಮದ್ದು ಮಾರುವವರು ಬೇರೆ ಬೇರೆ ಪಂಗಡಗಳಾಗಿದ್ದರು. 19 ಸಂಸ್ಥೆಗಳು ತಮತಮಗೆ ತೋಚಿದಂತೆ ಪರವಾನಗಿ ಕೊಡುತ್ತಿದ್ದವು. ಯಾರು ಕಲಿತವರು, ಯಾರು ನಟಿಸುವವರು ಎಂದು ರೋಗಿಗೆ ತಿಳಿಯುವ ದಾರಿಯಿರಲಿಲ್ಲ. 1858ರ ಕಾಯ್ದೆ ಒಂದು ವೈದ್ಯಕೀಯ ಪರಿಷತ್ತನ್ನೂ ಒಂದೇ ಪಟ್ಟಿಯನ್ನೂ ಜಾರಿಗೆ ತಂದಿತು. ಅರ್ಹರನ್ನು ಅನರ್ಹರಿಂದ ಬೇರ್ಪಡಿಸಿ ಗುರುತಿಸಲು ರೋಗಿಗಳಿಗೆ ಸಾಧ್ಯವಾಗಲಿ ಎಂಬುದೇ ಆ ಕಾಯ್ದೆಯ ಪೀಠಿಕೆ ಹೇಳುವ ಉದ್ದೇಶ. ಪಟ್ಟಿ ಹುಟ್ಟಿದ್ದು ರೋಗಿಗಾಗಿ ಎಂಬುದನ್ನು ಓದುಗರು ಗಮನಿಸಬೇಕು.

ನಮ್ಮಲ್ಲಿ 1835ರಲ್ಲಿ ಕಲ್ಕತ್ತ ಮತ್ತು ಮದರಾಸಿನಲ್ಲಿ ಪಾಶ್ಚಾತ್ಯ ವೈದ್ಯಶಿಕ್ಷಣ ಆರಂಭವಾಯಿತು. 1912ರಲ್ಲಿ ಮುಂಬಯಿ, 1914ರಲ್ಲಿ ಮದರಾಸು ಪ್ರಾಂತಗಳು ನೋಂದಣಿ ಕಾಯ್ದೆ ಮಾಡಿದವು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುದರಿಂದ ನಮ್ಮ ಹಿರಿಯರ ಕಾಲದ ಡಾಕ್ಟರರಿಗೆ ಅನ್ವಯಿಸುತ್ತಿದ್ದುದು ಮದರಾಸಿನ ಕಾಯ್ದೆ. ಅಖಿಲ ಭಾರತ ಮಟ್ಟದ ಪರಿಷತ್ತಿಗೆ 1933ರಲ್ಲಿ ಕಾಯ್ದೆಯಾಯಿತು. 2020ರ ಸೆಪ್ಟೆಂಬರ್ 25ರಂದು ಅದರ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಕೇರಳ 2021ರಲ್ಲಿ ತನ್ನದೇ ಹೊಸ ಕಾಯ್ದೆ ಮಾಡಿತು.

ಪಟ್ಟಿಯ ಗೆರೆ ಕೆಲವರನ್ನು ಹೊರಗೂ ಇಟ್ಟಿತು. ತಲೆಮಾರುಗಳಿಂದ ಮದ್ದು ಕೊಡುತ್ತಾ ಬಂದ ಕೇರಳದ ಪರಂಪರಾಗತ ವೈದ್ಯರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮಾನ್ಯ ವಿದ್ಯಾರ್ಹತೆಯಾಗಲಿ ನೋಂದಣಿಯಾಗಲಿ ಇಲ್ಲದೆ ಚಿಕಿತ್ಸೆ ನಡೆಸುವಂತಿಲ್ಲವೆಂದು 2018ರಲ್ಲಿ ತೀರ್ಪಾಯಿತು. ಹಳ್ಳಿಯ ನಂಟಿಗೆ ಇದು ನೋವಿನ ಮಾತೇ. ಆದರೆ ಮದ್ದು ತಿರುಗಿಬಿದ್ದಾಗ ಹೊಣೆ ಯಾರು ಎಂಬ ಪ್ರಶ್ನೆಗೆ ಉತ್ತರ ಬೇಕಲ್ಲವೇ?

ಹೊಣೆ ಹೊರಿಸುವ ಉಪಾಯಗಳು 2002ರ ವೈದ್ಯವೃತ್ತಿ ನಿಯಮಾವಳಿಯಲ್ಲಿವೆ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ತೂಗುಹಾಕಬೇಕು; ಔಷಧಿ ಚೀಟಿ, ರಶೀದಿಗಳಲ್ಲೂ ನಮೂದಿಸಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು. ದುರ್ನಡತೆಯ ದೂರನ್ನು ರಾಜ್ಯ ವೈದ್ಯಕೀಯ ಪರಿಷತ್ತು 6 ತಿಂಗಳೊಳಗೆ ತೀರ್ಮಾನಿಸಬೇಕು. ತಪ್ಪು ಸಿದ್ಧವಾದರೆ ಹೆಸರನ್ನು ಪಟ್ಟಿಯಿಂದ ಕೆಲಕಾಲ ಅಥವಾ ಶಾಶ್ವತವಾಗಿ ತೆಗೆಯಬಹುದು. ವೈದ್ಯರ ಹೆಸರು ಕೇರಳದ ಪಟ್ಟಿಯಲ್ಲಿದ್ದರೆ ದೂರು ತಿರುವನಂತಪುರಕ್ಕೆ, ಕರ್ನಾಟಕದ ಪಟ್ಟಿಯಲ್ಲಿದ್ದರೆ ಬೆಂಗಳೂರಿಗೆ. ಚಿಕಿತ್ಸೆಗೆ ಮಂಗಳೂರನ್ನು ನೆಚ್ಚಿಕೊಂಡಿರುವ ಗಡಿನಾಡಿನವರು ಇದನ್ನು ನೆನಪಿಡಬೇಕು.

ನಮಗೆ ಇನ್ನೊಂದು ಕಷ್ಟವಿದೆ, ಅದು ಭಾಷೆಯದು. ಶಸ್ತ್ರಕ್ರಿಯೆಗೆ ಮುನ್ನ ಸಹಿ ಹಾಕಿಸುವ ಕಾಗದ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಕನ್ನಡವೊಂದನ್ನೇ ಬಲ್ಲ ಹಿರಿಯರು ತೋರಿಸಿದಲ್ಲಿ ಹೆಬ್ಬೆಟ್ಟೊತ್ತುತ್ತಾರೆ. ತಪಾಸಣೆಗೆಂದು ಪ್ರಜ್ಞೆ ತಪ್ಪಿಸಿದ್ದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆಯಿಂದ ತೆಗೆದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಆ ಒಪ್ಪಿಗೆ ಸಾಲದೆಂದಿತು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ, ಬೇರೆ ದಾರಿಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ. ಅರ್ಥವಾಗದ ಭಾಷೆಯಲ್ಲಿ ತಿಳಿಸಿದರೆ ಅದು ತಿಳಿಸಿದಂತಾಗುವುದೇ? ಆದ್ದರಿಂದ ಸಹಿಗೆ ಮುನ್ನ “ಕನ್ನಡದಲ್ಲಿ ಹೇಳಿ” ಎಂದು ಕೇಳಲು ಅಳುಕಬಾರದು. ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದೂ ಒಳ್ಳೆಯದು. ಹೀಗೆ ಕೇಳಿದರೆ ವೈದ್ಯರ ಗೌರವಕ್ಕೆ ಕುಂದಿಲ್ಲ. ಉತ್ತರ ಕೊಡಲು ಒಪ್ಪಿಕೊಂಡೇ ಅವರು ಪಟ್ಟಿಗೆ ಹೆಸರು ಸೇರಿಸಿದ್ದಾರೆ.