ಕತ್ತರಿ ಇಡಲೊಂದು ತಟ್ಟೆ: ಟಿನ್ ಫ್ಯಾಕ್ಟರಿಯಲ್ಲಿ ಸಿಕ್ಕಿದ ಒಂದು ಪ್ರಶ್ನೆ

ಬೆಂಗಳೂರಿನ ಪೂರ್ವ ಭಾಗಕ್ಕೆ ಹೋಗಿ ಬಂದವರಿಗೆ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಪರಿಚಯ ಇದ್ದೇ ಇರುತ್ತದೆ. ಹಳೆ ಮದ್ರಾಸ್ ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವಲ್ಲಿ, ಕೆ.ಆರ್. ಪುರಂ ತೂಗು ಸೇತುವೆಯ ಈಚೆಗೆ, ಸದಾ ಜನಜಂಗುಳಿಯ ಸ್ಥಳವದು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಂವರೆಗೆ ಮೆಟ್ರೋ ಬಂದರೂ ಬಸ್ಸಿಗೆ ಕಾಯುವವರ ಸಂಖ್ಯೆ ಕಡಿಮೆಯಾದಂತೆ ನನಗೇನೂ ಕಾಣಲಿಲ್ಲ. ಅಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ "ಫಾದರ್, ಗುರುತು ಸಿಕ್ಕಿತಾ?" ಎಂದು ಕೊಂಕಣಿಯಲ್ಲಿ ಒಂದು ದನಿ ಕೇಳಿಸಿತು. ನಾನು ಹಿಂದೆ ಸೇವೆ ಸಲ್ಲಿಸಿದ್ದ ಚರ್ಚಿನ ಹುಡುಗಿ. ಈಗ ನಗರದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಬಲಗೈಯ ತೋರುಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಳು.

ಏನಾಯಿತೆಂದು ವಿಚಾರಿಸಿದೆ. ಡಾಕ್ಟರು ಚಾಕು ಹಿಂದಕ್ಕೆ ಕೊಡುವುದೂ ಇವಳು ಮುಂದಿನ ಉಪಕರಣ ಚಾಚುವುದೂ ಒಂದೇ ಕ್ಷಣದಲ್ಲಾಗಿ ಬೆರಳು ಕೊಯ್ದಿತ್ತು. ರಕ್ತ ಪರೀಕ್ಷೆಯ ಫಲಿತಾಂಶ ಬರುವ ತನಕ ಮನೆಯವರಿಗೆ ಹೇಳಿರಲಿಲ್ಲ. ಬ್ಯಾಗಿನಿಂದ ಮಡಚಿದ ಕಾಗದವೊಂದನ್ನು ತೆಗೆದು ತೋರಿಸಿದಳು. ಚಾಕುವಿನ ಹಿಡಿ ಹೊರಗೆ, ಅಲಗು ಒಳಗೆ ಇರುವಂತೆ ಓರೆಯಾಗಿ ಕೂರಿಸುವ ಚಿಕ್ಕದೊಂದು ತಗಡಿನ ಸಾಧನದ ಚಿತ್ರ. "ಇದನ್ನು ಇಲ್ಲೇ ಮಹದೇವಪುರದ ಕಡೆ ಒಬ್ಬರು ತಗಡು ಕೆಲಸದವರ ಹತ್ತಿರ ಮಾಡಿಸಬೇಕೆಂದಿದ್ದೇನೆ ಫಾದರ್. ಇಷ್ಟು ಸಣ್ಣ ವಸ್ತುವನ್ನು ಯಾರಾದರೂ ಹೊಸತು ಅಂತಾರಾ?"

ಬಸ್ಸು ಬಂತು, ಅವಳು ಹೋದಳು. ಪ್ರಶ್ನೆ ಮಾತ್ರ ನನ್ನೊಡನೆ ಉಳಿಯಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಇದೇ ಕೆಲಸದಲ್ಲಿದ್ದಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಉಪಕರಣ ಇಡುವ ತಟ್ಟೆಗೂ ಒಂದು ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಶಸ್ತ್ರವೈದ್ಯರು ತಮ್ಮ ಚಾಕು, ಗರಗಸಗಳನ್ನು ಮಖಮಲ್ಲು ಹಾಸಿದ ಮರದ ಪೆಟ್ಟಿಗೆಯಲ್ಲಿ ತರುತ್ತಿದ್ದರು. ಹಿಡಿಗಳು ಮರದವು, ದಂತದವು. ನೋಡಲು ಬಲು ಸುಂದರ, ಆದರೆ ಆ ಮಖಮಲ್ಲಿನಲ್ಲಿ ಹಿಂದಿನ ರೋಗಿಯ ಕೀವೂ ಇರುತ್ತಿತ್ತು. 1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಬಳಕೆಯ ಕುರಿತು ಬರೆದ ನಂತರದ ವರ್ಷಗಳಲ್ಲಿ ಉಪಕರಣಗಳನ್ನು ಆ ದ್ರಾವಣ ತುಂಬಿದ ತಟ್ಟೆಯಲ್ಲಿ ಮುಳುಗಿಸಿಡುವ ಪದ್ಧತಿ ಬಂತು. ಆಮೇಲೆ ಹಬೆಯಿಂದ ಶುದ್ಧೀಕರಿಸುವ ಕ್ರಮ ಬಂದಾಗ ಮರ, ದಂತ ಬಿಸಿಗೆ ತಡೆಯದೆ ಮರೆಯಾದವು. ಹಿಡಿಯಿಂದ ತುದಿಯವರೆಗೆ ಎಲ್ಲವೂ ಲೋಹವಾಯಿತು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ ಮೇಲೆ ಇಂದು ನಾವು ಕಾಣುವ ಸ್ಟೀಲ್ ಟ್ರೇಗಳಿಗೆ ದಾರಿಯಾಯಿತು.

ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಮೈಮೇಲೆ ಚಾಚಿ ನಿಲ್ಲುವ ಒಂದು ಟ್ರೇ ಇರುತ್ತದೆ. ಅದಕ್ಕೆ ಮೇಯೋ ಸ್ಟ್ಯಾಂಡ್ ಎನ್ನುತ್ತಾರೆ. ಕಂಬ ಒಂದೇ, ಅದೂ ಒಂದು ಬದಿಯಲ್ಲಿ. ಗಾಲಿಗಳಿರುವ ಪಾದ ಮಂಚದ ಅಡಿಗೆ ಹೋಗುತ್ತದೆ, ಟ್ರೇ ಮಂಚದ ಮೇಲೆ ಬರುತ್ತದೆ, ಎತ್ತರವನ್ನು ಬೇಕಾದಷ್ಟು ಹೊಂದಿಸಬಹುದು. ಇಷ್ಟೇ. ಈ ಹೆಸರು ಅಮೆರಿಕದ ರಾಚೆಸ್ಟರ್ ಊರಿನ ಮೇಯೋ ವೈದ್ಯ ಕುಟುಂಬದ್ದು. ಆ ಊರಿನಲ್ಲಿ 1883ರ ಸುಂಟರಗಾಳಿಯ ಅನಾಹುತದ ಬಳಿಕ ಫ್ರಾನ್ಸಿಸ್ಕನ್ ಧರ್ಮಭಗಿನಿಯರು ಸಂತ ಮೇರಿ ಆಸ್ಪತ್ರೆಯನ್ನು ಕಟ್ಟಿಸಿದರು, 1889ರಲ್ಲಿ ಅದು ತೆರೆಯಿತು. ಅಲ್ಲಿ ಸಿಸ್ಟರ್ ಮೇರಿ ಜೋಸೆಫ್ ಡೆಂಪ್ಸಿ ಎಂಬವರು 1890ರಿಂದ 1915ರವರೆಗೆ ಡಾ. ವಿಲಿಯಂ ಮೇಯೋ ಅವರ ಪ್ರಥಮ ಸಹಾಯಕಿಯಾಗಿ ಮೇಜಿನ ಪಕ್ಕದಲ್ಲಿ ನಿಂತರು. ಹೊಟ್ಟೆಯ ಕ್ಯಾನ್ಸರ್ ಇರುವ ಕೆಲವರ ಹೊಕ್ಕುಳಲ್ಲಿ ಗಂಟೊಂದು ಕಾಣುತ್ತದೆಂದು ಮೊದಲು ಗಮನಿಸಿ ವೈದ್ಯರಿಗೆ ತಿಳಿಸಿದವರೂ ಇವರೇ. ಆ ಗಂಟಿಗೆ ಇಂದಿಗೂ ವೈದ್ಯಗ್ರಂಥಗಳಲ್ಲಿ ಅವರದೇ ಹೆಸರು. ರೋಗಿಯ ಮೈ ತೊಳೆದು ಸಿದ್ಧಪಡಿಸುವ ಕೈಗಳು ದೊಡ್ಡ ವೈದ್ಯರ ಕಣ್ಣಿಗೆ ಬೀಳದ್ದನ್ನು ಕಂಡವು. ಟಿನ್ ಫ್ಯಾಕ್ಟರಿಯಲ್ಲಿ ಸಿಕ್ಕಿದ ಹುಡುಗಿಗೂ ಅಂಥದೇ ಒಂದು ಸಂಗತಿ ಕಂಡಿದೆ ಎಂದು ನನಗನ್ನಿಸಿತು.

ಅವಳಿಗೆ ಕಂಡ ಸಂಗತಿ ಸಣ್ಣದಲ್ಲ. ಸೋಂಕಿತ ರಕ್ತದ ಸೂಜಿ ಒಮ್ಮೆ ಚುಚ್ಚಿದರೆ ಎಚ್.ಐ.ವಿ. ತಗಲುವ ಸಂಭವ ಸುಮಾರು 0.3 ಶೇಕಡಾ, ಹೆಪಟೈಟಿಸ್ ಸಿ ಸುಮಾರು 1.8 ಶೇಕಡಾ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವವಂತೂ 6ರಿಂದ 30 ಶೇಕಡಾ. ಆದುದರಿಂದ ಕೈಯಿಂದ ಕೈಗೆ ಹರಿತವಾದದ್ದನ್ನು ಕೊಡಲೇಬಾರದು ಎಂಬ ಪದ್ಧತಿಯೊಂದು ಬೆಳೆದಿದೆ. ನರ್ಸ್ ಮತ್ತು ಡಾಕ್ಟರ ನಡುವೆ ಒಂದು ಟ್ರೇ ಅಥವಾ ಗುರುತು ಮಾಡಿದ ಜಾಗ ಇರುತ್ತದೆ. ಒಬ್ಬರು ಅಲ್ಲಿ ಇಟ್ಟು ಕೈ ತೆಗೆದ ಮೇಲೆಯೇ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 100 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋಗುವ ಶಸ್ತ್ರಚಿಕಿತ್ಸೆಗಳಲ್ಲಿ ಈ ಕ್ರಮ ಪಾಲಿಸಿದಾಗ ಗಾಯ ಮತ್ತು ರಕ್ತ ಸೋಂಕುವ ಪ್ರಸಂಗಗಳು 59 ಶೇಕಡಾ ಕಡಿಮೆಯಾಗಿದ್ದವು. ರಕ್ತ ಕಡಿಮೆ ಹೋಗುವ ಚಿಕಿತ್ಸೆಗಳಲ್ಲಿ ಅಂಥ ವ್ಯತ್ಯಾಸ ಕಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ಗಡಿಬಿಡಿ ಹೆಚ್ಚಿದ್ದಲ್ಲಿಯೇ ಟ್ರೇಯ ಪ್ರಯೋಜನವೂ ಹೆಚ್ಚು.

ಹಾಗಾದರೆ ಯಾವುದೋ ಒಂದು ತಟ್ಟೆ ಸಾಕಲ್ಲ ಎಂದು ಕೇಳಬಹುದು. ಸಾಲದು. ಚಪ್ಪಟೆ ತಟ್ಟೆಯಲ್ಲಿ ಚಾಕು ಮಲಗಿದರೆ ಒದ್ದೆ ಕೈಗವಸಿನಲ್ಲಿ ಅದನ್ನು ಎತ್ತುವುದು ಕಷ್ಟ. ಟ್ರೇ ಓರೆಯಾದರೆ ಎಲ್ಲವೂ ಜಾರಿ ಒಂದು ಮೂಲೆಗೆ ಸೇರುತ್ತವೆ. ಅದಕ್ಕಾಗಿ ಕೆಲವರು ಮುಳ್ಳುಮುಳ್ಳಾದ ಸಿಲಿಕೋನ್ ಹಾಸು ಹಾಕುತ್ತಾರೆ, ಕೆಲವರು ಅಯಸ್ಕಾಂತದ ಹಾಸು ಬಳಸುತ್ತಾರೆ. ಅಯಸ್ಕಾಂತದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಟ್ರೇ ಮಾಡುವ ಸ್ಟೀಲು ಸಾಮಾನ್ಯವಾಗಿ 304 ಎಂಬ ಜಾತಿಯದು, ಅದಕ್ಕೆ ಅಯಸ್ಕಾಂತ ಅಂಟುವುದು ಇಲ್ಲವೆನ್ನುವಷ್ಟು ಕಡಿಮೆ. ಕತ್ತರಿ, ಇಕ್ಕಳಗಳದ್ದು 410 ಅಥವಾ 420, ಹರಿತ ನಿಲ್ಲಲೆಂದು ಗಟ್ಟಿ ಮಾಡಿದ ಜಾತಿ. ಅದಕ್ಕೆ ಅಯಸ್ಕಾಂತ ಅಂಟುತ್ತದೆ. ನಿಮ್ಮ ಅಡುಗೆಮನೆಯ ಪಾತ್ರೆಗಳಿಗೆ ಅಯಸ್ಕಾಂತ ಹಿಡಿದು ನೋಡಿ, ಸ್ಟೀಲೆಲ್ಲ ಒಂದೇ ಅಲ್ಲವೆಂದು ತಿಳಿಯುತ್ತದೆ. ಆದರೆ ಟೈಟಾನಿಯಂ ಉಪಕರಣ ಆ ಹಾಸಿಗೆ ನಿಲ್ಲದು. ಸೂಕ್ಷ್ಮ ಸೂಜಿಗಳು ತಾವೇ ಅಯಸ್ಕಾಂತವಾಗಿ ಇಕ್ಕಳಕ್ಕೆ ಅಂಟಿಕೊಂಡು ತೊಂದರೆ ಕೊಡುವುದೂ ಉಂಟು.

ಇನ್ನೊಂದು ಅಗತ್ಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ರೋಗಿ ಥಿಯೇಟರಿನಿಂದ ಹೊರಡುವ ಮುನ್ನ ಉಪಕರಣ, ಬಟ್ಟೆ, ಸೂಜಿಗಳ ಲೆಕ್ಕ ಸರಿಯಾಗಿದೆಯೆಂದು ನರ್ಸ್ ಬಾಯಿಬಿಟ್ಟು ಹೇಳಬೇಕೆಂದಿದೆ. ನವದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಆ ಪಟ್ಟಿಯನ್ನು ಪ್ರಯೋಗಿಸಿದಾಗ ಸಾವಿನ ಪ್ರಮಾಣ 1.5ರಿಂದ 0.8 ಶೇಕಡಾಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಪ್ರತಿ ವಸ್ತುವಿಗೂ ಅದರದೇ ಮನೆ ಇದ್ದರೆ ಯಾವುದು ಬಂದಿಲ್ಲ ಎಂದು ಕಣ್ಣಿಗೇ ಕಾಣುತ್ತದೆ.

ಕೆಲವು ಕಡೆ ಮನುಷ್ಯನ ಕೈ ಎಷ್ಟು ಪಳಗಿದ್ದರೂ ಉಪಕರಣವನ್ನು ಹಿಡಿದು ನಿಲ್ಲಿಸಲಾರದು. ಮಿದುಳಿನ ಆಳಕ್ಕೆ ಸೂಜಿ ಇಳಿಸುವಾಗ ಕೂದಲೆಳೆಯಷ್ಟು ಅಲುಗಿದರೂ ಅಪಾಯ. ಇದಕ್ಕೆಂದು 1908ರಲ್ಲಿ ಲಂಡನ್ನಿನ ಹಾರ್ಸ್ಲಿ ಮತ್ತು ಕ್ಲಾರ್ಕ್ ಪ್ರಾಣಿಗಳ ತಲೆಗೆ ಹೊಂದುವ ಚೌಕಟ್ಟನ್ನು ರಚಿಸಿದರು. 1947ರಲ್ಲಿ ಅಮೆರಿಕದ ಸ್ಪೀಗಲ್ ಮತ್ತು ವೈಸಿಸ್ ಅದನ್ನು ಮನುಷ್ಯರಿಗೆ ಹೊಂದಿಸಿದರು. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕರಾದ ಡಾ. ಆರ್.ಎಂ. ವರ್ಮ ಅವರು ಪಾರ್ಕಿನ್ಸನ್ ರೋಗಿಗಳಿಗಾಗಿ ಬೇರೆಯೇ ದಾರಿ ಹಿಡಿದರು. ತಲೆಬುರುಡೆಯ ಬುಡದಲ್ಲಿ ದೇವರೇ ಇಟ್ಟ ಒಂದು ರಂಧ್ರವಿದೆ. ಕೆನ್ನೆಯ ಕಡೆಯಿಂದ ಆ ರಂಧ್ರದ ಮೂಲಕ ಸೂಜಿಯನ್ನು ಒಳಗೆ ಕಳುಹಿಸಿದರು.

ನಮ್ಮ ಕಾಲದ ಉದಾಹರಣೆಯೂ ಬೆಂಗಳೂರಿನಲ್ಲಿಯೇ ಇದೆ. ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಕಲಿಯುತ್ತಿದ್ದ ಡಾ. ಜಗದೀಶ್ ಚತುರ್ವೇದಿ, ಗಂಟಲೊಳಗೆ ನೋಡುವ ಯಂತ್ರ ಬಲು ದುಬಾರಿ, ಹೊತ್ತೊಯ್ಯಲೂ ಆಗದು ಎಂದು ಕಂಡುಕೊಂಡು, ಕೈಯಲ್ಲಿ ಹಿಡಿಯುವಂಥ ಎಂಡೋಸ್ಕೋಪಿ ಸಾಧನವನ್ನು ಬೆಂಗಳೂರಿನ ವಿನ್ಯಾಸಕಾರರೊಂದಿಗೆ ಸೇರಿ ರೂಪಿಸಿದರು. ಭಾರತದಲ್ಲಿ ವೈದ್ಯಕೀಯ ಸಾಧನಗಳ ಆವಿಷ್ಕಾರದ ಕುರಿತು 2016ರಲ್ಲಿ ಪುಸ್ತಕವನ್ನೂ ಬರೆದರು. (ಅವರು ವೇದಿಕೆಯ ಮೇಲೆ ನಗೆಮಾತು ಹೇಳುವ ಕಲಾವಿದರೂ ಹೌದು. ವೈದ್ಯರೆಂದರೆ ಗಂಭೀರ ಮುಖದವರೇ ಆಗಬೇಕೆಂದಿಲ್ಲ.)

ಕೆಲವು ವಾರಗಳ ಬಳಿಕ ಆ ಹುಡುಗಿಯ ಫೋನ್ ಬಂತು. ಮೊದಲ ಮಾದರಿ ತಯಾರಾಗಿದೆ, ಆದರೆ ಶುದ್ಧೀಕರಣ ವಿಭಾಗದ ಹಿರಿಯ ಸಿಸ್ಟರ್ ಒಪ್ಪಲಿಲ್ಲವಂತೆ. ತಗಡನ್ನು ಚೂಪಾಗಿ ಮಡಚಿದ ಮೂಲೆಯಲ್ಲಿ ಬ್ರಷ್ ಹೋಗುವುದಿಲ್ಲ, ರಕ್ತ ಅಲ್ಲೇ ಒಣಗುತ್ತದೆ. ಆಟೊಕ್ಲೇವಿನಲ್ಲಿ 121 ಡಿಗ್ರಿಯ ಹಬೆಯಾಗಲಿ 134 ಡಿಗ್ರಿಯದಾಗಲಿ, ತಾನು ಮುಟ್ಟಿದ ಮೇಲ್ಮೈಯನ್ನು ಮಾತ್ರ ಶುದ್ಧ ಮಾಡುತ್ತದೆ. ಕೊಳೆಯ ಅಡಿಯಲ್ಲಿ ಇರುವುದನ್ನು ಅದು ಮುಟ್ಟುವುದಿಲ್ಲ. ಅದೇ ಕಾರಣಕ್ಕೆ ಕತ್ತರಿಗಳನ್ನು ಬಾಯಿ ತೆರೆದು ಇಡುವುದು, ಟ್ರೇಗಳಿಗೆ ತೂತು ಕೊರೆಯುವುದು. ವೆಲ್ಡಿಂಗ್ ಮಾಡಿದ ಕಡೆ ಪಾಲಿಷ್ ಆಗಿರಲಿಲ್ಲ, ಎರಡೇ ಸಲಕ್ಕೆ ಕಂದು ಕಲೆ ಕಂಡಿತ್ತು. ಸ್ಟೀಲಿಗೂ ಉಪ್ಪಿನ ನೀರು ಆಗಿಬರುವುದಿಲ್ಲ. ಸಲೈನಿನಲ್ಲಿ ಅಥವಾ ಬ್ಲೀಚಿಂಗ್ ನೀರಿನಲ್ಲಿ ಬಿಟ್ಟರೆ ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ. ಕಡಲ ಬದಿಯಲ್ಲಿ ಮನೆ ಇರುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಅವಳ ಪ್ರಶ್ನೆಗೆ ತಿಳಿದವರನ್ನು ವಿಚಾರಿಸಿ ಇಷ್ಟು ಉತ್ತರ ಕೊಟ್ಟೆ. ಸಣ್ಣ ವಸ್ತುವಿಗೂ ಪೇಟೆಂಟ್ ಸಿಗಬಹುದು, ಆದರೆ ಅದು ಹೊಸತಾಗಿರಬೇಕು, ಆ ಕೆಲಸ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು. ಚಾಕು ಇಡುವ ಸಾಧನಗಳು ಈಗಾಗಲೇ ಹಲವು ಇರುವುದರಿಂದ ಮೊದಲು ಹಳೆಯ ಪೇಟೆಂಟುಗಳನ್ನು ಹುಡುಕಿ ನೋಡಬೇಕು. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಹಾಕಿದರೆ ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳ ಅವಕಾಶ. ಅದಕ್ಕೆ ಮುನ್ನ ಚಿತ್ರವನ್ನು ಎಲ್ಲರಿಗೂ ತೋರಿಸುತ್ತ, ವಾಟ್ಸಾಪಿನಲ್ಲಿ ಕಳುಹಿಸುತ್ತ ಹೋಗಬಾರದು (ಬಸ್ ನಿಲ್ದಾಣದಲ್ಲಿ ಪಾದ್ರಿಗೂ ಕೂಡ). ಮಾರುವುದಾದರೆ 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. ಇಂಥ ಸರಳ ವಸ್ತು ಸಾಮಾನ್ಯವಾಗಿ ಅತಿ ಕಡಿಮೆ ಅಪಾಯದ 'ಎ' ವರ್ಗಕ್ಕೆ ಸೇರುತ್ತದೆ. ಆಸ್ಪತ್ರೆಯ ಲಿಖಿತ ಅನುಮತಿ ಇಲ್ಲದೆ ರೋಗಿಯ ಹತ್ತಿರ ಒಯ್ಯುವಂತೆಯೇ ಇಲ್ಲ.

"ಪೇಟೆಂಟ್ ಆಮೇಲೆ ನೋಡೋಣ ಫಾದರ್, ಮೊದಲು ಮೂಲೆ ಸರಿಯಾಗಲಿ" ಎಂದಳು. ಎರಡನೆಯ ಮಾದರಿಯಲ್ಲಿ ಮಡಿಕೆಯನ್ನು ದುಂಡಗೆ ಮಾಡಿಸಿದ್ದಳು, ಆದರೆ ಚಾಕುವಿನ ಹಿಡಿ ಅಲುಗಾಡುತ್ತಿತ್ತು. ಈಗ ಮೂರನೆಯದು ತಗಡು ಕೆಲಸದವರ ಕೈಯಲ್ಲಿದೆ. ವೆಲ್ಡಿಂಗ್ ಇಲ್ಲದೆ ಒಂದೇ ತುಂಡಿನಲ್ಲಿ ಬಗ್ಗಿಸಬೇಕು, ಮೂಲೆಯೊಳಗೆ ತನ್ನ ಕಿರುಬೆರಳಿನ ತುದಿ ಆರಾಮವಾಗಿ ತಿರುಗಬೇಕು ಎಂದು ಅವರಿಗೆ ಅಳತೆ ಕೊಟ್ಟು ಬಂದಿದ್ದಾಳೆ.