ಆಸ್ಪತ್ರೆಯ ಊಟ: ಸಪ್ಪೆಯೆಂದು ಸರಿಸಬೇಡಿ

ಹೇಮಗುಡ್ಡದ ರೈತರೊಬ್ಬರು ಗಂಗಾವತಿಯ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದಾರೆ ಎಂದಿಟ್ಟುಕೊಳ್ಳಿ. ವಯಸ್ಸು ಅರವತ್ತು. ಹಳೆಯ ಸಕ್ಕರೆ ಕಾಯಿಲೆ. ಈಗ ಕಾಲಿನ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ. ಮಧ್ಯಾಹ್ನ ಊಟಕ್ಕೆ ಮುಂಚೆ ನರ್ಸ್ ಬಂದು ಇನ್ಸುಲಿನ್ ಕೊಟ್ಟು ಹೋಗುತ್ತಾರೆ. ಹಿಂದೆಯೇ ಊಟ ಬರುತ್ತದೆ: ಅನ್ನ, ಬೇಳೆಸಾರು, ಪಲ್ಯ, ಒಂದು ಮೊಟ್ಟೆ, ಮಜ್ಜಿಗೆ. ರೋಗಿ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸುತ್ತಾರೆ. ‘ಉಪ್ಪಿಲ್ಲ, ಖಾರ ಇಲ್ಲ, ಇದನ್ನ ಹ್ಯಾಂಗ ಉಣ್ಣೋದು? ಮಗ ಬುತ್ತಿ ತರ್ತಾನ, ಬರಲಿ ತಡಿ’ ಎನ್ನುತ್ತಾರೆ. ಮಗ ಹತ್ತಬೇಕಾದ ಬಸ್ಸು ತಡವಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ರೋಗಿಯ ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ.

ಇದು ಹೊಸ ಕಾಯಿಲೆಯಲ್ಲ. ಇನ್ಸುಲಿನ್ ರಕ್ತದಲ್ಲಿನ ಸಕ್ಕರೆಯನ್ನು ಇಳಿಸಿತು. ಅದನ್ನು ಸರಿದೂಗಿಸಬೇಕಾಗಿದ್ದ ಊಟ ತಟ್ಟೆಯಲ್ಲೇ ಉಳಿಯಿತು. ಇಂಥ ಸಮಯದಲ್ಲಿ ಕೂಡಲೇ ನರ್ಸ್‌ಗೆ ತಿಳಿಸಬೇಕು. ರೋಗಿಗೆ ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು.

ಆಸ್ಪತ್ರೆಯ ಊಟವೆಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. ಆದರೆ ಆ ತಟ್ಟೆಯನ್ನು ಸರಿಯಾಗಿ ನೋಡಿದರೆ ಅದು ಅಚ್ಚರಿಯೆನಿಸುವಷ್ಟು ಒಳ್ಳೆಯ ಊಟವಾಗಿರುತ್ತದೆ. ರುಚಿಗಾಗಿಯಲ್ಲ, ಲೆಕ್ಕಕ್ಕಾಗಿ. ಅದೂ ಚಿಕಿತ್ಸೆಯ ಒಂದು ಭಾಗವೇ.

ಸಪ್ಪೆಗೂ ಕಾರಣವಿದೆ

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಮಿರ್ಚಿ ಭಜಿ ಸೇರಿದರೆ ನಾವು ಈ ಮಿತಿಯನ್ನು ಸುಲಭವಾಗಿ ದಾಟುತ್ತೇವೆ. ಹೃದಯ, ಮೂತ್ರಪಿಂಡ ಅಥವಾ ಯಕೃತ್ತು ಸೋತವರಲ್ಲಿ ಹೆಚ್ಚಿನ ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ. ಕಾಲು ಬಾಯುತ್ತದೆ, ಉಸಿರು ಕಟ್ಟುತ್ತದೆ. ನೀರಿಳಿಸಲು ವೈದ್ಯರು ಮಾತ್ರೆ ಕೊಡುತ್ತಿರುವಾಗ ನಾವು ಉಪ್ಪಿನಕಾಯಿ ಕೊಟ್ಟರೆ ಏಣಿ ಹತ್ತುವವನ ಕಾಲು ಹಿಡಿದು ಎಳೆದಂತೆ.

ಎಲ್ಲ ರೋಗಿಗಳಿಗೂ ಒಂದೇ ಊಟವಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಮೊದಲು ದ್ರವಾಹಾರ, ಆಮೇಲೆ ಮೆತ್ತನೆಯ ಗಂಜಿ, ಕಿಚಡಿ, ನಂತರ ಪೂರ್ಣ ಊಟ. ಸುಟ್ಟಗಾಯದವರಿಗೆ ಹೆಚ್ಚು ಪ್ರೋಟೀನ್. ಮೂತ್ರಪಿಂಡದ ರೋಗಿಗಳಲ್ಲಿ ಅನೇಕರಿಗೆ ಪೊಟ್ಯಾಸಿಯಂ ಕಡಿಮೆ ಇರುವ ಆಹಾರ. ಹೀಗಾಗಿ ‘ತಂಪು’ ಎಂದು ಪ್ರೀತಿಯಿಂದ ಒಯ್ಯುವ ಎಳನೀರು, ಬಾಳೆಹಣ್ಣುಗಳೇ ಅಂಥವರ ಹೃದಯದ ಬಡಿತವನ್ನು ಅಪಾಯಕಾರಿಯಾಗಿ ಏರುಪೇರು ಮಾಡಬಲ್ಲವು.

ಗಂಜಿಯೊಂದೇ ಸಾಲದು

ಜ್ವರ ಬಂದವರಿಗೆ ಲಂಘನವೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ಆದರೆ ಸೋಂಕಿನೊಡನೆ ಹೋರಾಡಲು, ಗಾಯ ಮಾಯಿಸಲು ದೇಹಕ್ಕೆ ಎಂದಿಗಿಂತ ಹೆಚ್ಚು ಆಹಾರ ಬೇಕು. ಸಿಗದಿದ್ದರೆ ಅದು ತನ್ನದೇ ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ. ಆರೋಗ್ಯವಂತರಿಗೆ ದಿನಕ್ಕೆ ದೇಹದ ಒಂದು ಕಿಲೋ ತೂಕಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ಕಾಯಿಲೆಯಿಂದ ಮಲಗಿದ ಹಲವರಿಗೆ 1.2ರಿಂದ 1.5 ಗ್ರಾಂ ಬೇಕಾಗುತ್ತದೆ. ಅಂದರೆ 60 ಕಿಲೋ ತೂಕದವರಿಗೆ 70ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೊಟ್ಟೆ, ಬೇಳೆ, ಹಾಲು ಬಿಟ್ಟು ಬರೀ ಗಂಜಿ ಕುಡಿದರೆ ಈ ಲೆಕ್ಕ ತುಂಬುವುದಿಲ್ಲ. (ಮೂತ್ರಪಿಂಡದ ರೋಗಿಗಳು ಮಾತ್ರ ವೈದ್ಯರು ಹೇಳಿದಷ್ಟೇ ಪ್ರೋಟೀನ್ ತೆಗೆದುಕೊಳ್ಳಬೇಕು.)

ಸ್ವಿಟ್ಜರ್ಲೆಂಡಿನ 8 ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಇವರೆಲ್ಲ ಪೋಷಣೆಯ ಕೊರತೆಯ ಅಪಾಯದಲ್ಲಿದ್ದವರು. ಮಾಮೂಲು ಊಟ ಪಡೆದವರಲ್ಲಿ 30 ದಿನಗಳೊಳಗೆ ನೂರಕ್ಕೆ ಹತ್ತು ಮಂದಿ ತೀರಿಕೊಂಡಿದ್ದರು. ಒಬ್ಬೊಬ್ಬರ ಅಗತ್ಯ ನೋಡಿ ಆಹಾರ ಕೊಟ್ಟ ಗುಂಪಿನಲ್ಲಿ ಆ ಸಂಖ್ಯೆ ಏಳಕ್ಕಿಳಿಯಿತು. ಊಟದ ವ್ಯವಸ್ಥೆಯನ್ನು ಬದಲಿಸಿದ್ದರಿಂದಲೇ ಇಷ್ಟು ವ್ಯತ್ಯಾಸ!

ಅಡುಗೆಮನೆ ಕಲಿಸಿದ ಪಾಠ

ಭತ್ತದ ಕಣಜವೆನಿಸಿದ ಗಂಗಾವತಿ ಸೀಮೆಯವರಿಗೆ ಇನ್ನೊಂದು ಕಥೆ ಹಿಡಿಸೀತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ಎಂಬ ನರದೌರ್ಬಲ್ಯದ ಕಾಯಿಲೆಯ ಕಾರಣ ಹುಡುಕುತ್ತಿದ್ದರು. ಅವರು ಸಾಕಿದ ಕೋಳಿಗಳಿಗೂ ಕಾಲು ಸೋಲತೊಡಗಿತು. ಕೆಲ ತಿಂಗಳ ನಂತರ ಇದ್ದಕ್ಕಿದ್ದಂತೆ ಅವು ಚೇತರಿಸಿಕೊಂಡವು. ವಿಚಾರಿಸಿದಾಗ ಗುಟ್ಟು ತಿಳಿಯಿತು. ಅಲ್ಲಿಯವರೆಗೆ ಕೋಳಿಗಳು ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ ತಿನ್ನುತ್ತಿದ್ದವು. ಹೊಸದಾಗಿ ಬಂದ ಅಡುಗೆಯವನು ಮಿಲಿಟರಿ ಅನ್ನವನ್ನು ಕೋಳಿಗೆ ಕೊಡಲೊಪ್ಪದೆ ಇದ್ದುದರಿಂದ ಅವುಗಳಿಗೆ ತೌಡು ಹೋಗದ ಅಕ್ಕಿ ಸಿಕ್ಕಿತ್ತು! ತೌಡಿನಲ್ಲಿದ್ದ ಆ ಸತ್ವವೇ ಬಿ1 ಜೀವಸತ್ವ. ಈ ಶೋಧದ ದಾರಿ ತೋರಿದ್ದಕ್ಕೆ ಐಕ್ಮನ್ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಪಡೆದರು. ಬಿಳಿಯ ಅನ್ನವೆಲ್ಲ ಒಳ್ಳೆಯ ಅನ್ನವಲ್ಲ ಎಂಬುದನ್ನು ಜಗತ್ತು ಕಲಿತದ್ದು ಒಂದು ಆಸ್ಪತ್ರೆಯ ಅಡುಗೆಮನೆಯಿಂದ.

ಇಂದಿಗೂ ಊಟವೇ ಮುಖ್ಯ ಔಷಧಿಯಾಗಿರುವ ವಾರ್ಡುಗಳಿವೆ. ಜಿಲ್ಲಾ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಹಾಲು, ಸಕ್ಕರೆ, ಎಣ್ಣೆ ಬೆರೆಸಿದ ಆಹಾರ ಕೊಡುತ್ತಾರೆ. ಮೊದಲು 100 ಮಿಲಿಲೀಟರಿಗೆ 75 ಕ್ಯಾಲೊರಿಯಂತೆ, ಆರಂಭದಲ್ಲಿ ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮಗು ಸುಧಾರಿಸಿದ ಮೇಲೆ 100 ಕ್ಯಾಲೊರಿಯದು. ಸೊರಗಿದ ಮಗುವಿಗೆ ಮೊದಲ ದಿನವೇ ಹೊಟ್ಟೆ ಬಿರಿಯ ಉಣಿಸಿದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ. ‘ಇಷ್ಟೇ ಇಷ್ಟು ಕೊಡ್ತಾರ’ ಎಂದು ತಾಯಂದಿರು ಬಿಸ್ಕತ್ತು ತಿನ್ನಿಸಬಾರದು.

ಮನೆಯವರು ಏನು ಮಾಡಬೇಕು?

* ದಾಖಲಾದ ದಿನವೇ ‘ಏನು ಕೊಡಬಹುದು, ಏನು ಕೂಡದು?’ ಎಂದು ವೈದ್ಯರನ್ನು ಕೇಳಿ.

* ರೋಗಿ ಎಷ್ಟು ಉಂಡರೆಂದು ಗಮನಿಸಿ. ಅರ್ಧಕ್ಕಿಂತ ಹೆಚ್ಚು ತಟ್ಟೆಯಲ್ಲೇ ಉಳಿಯುತ್ತಿದ್ದರೆ ನರ್ಸ್‌ಗೆ ಹೇಳಿ. ಇನ್ಸುಲಿನ್ ಪಡೆಯುವವರು ಊಟ ಬಿಟ್ಟರಂತೂ ತಪ್ಪದೆ ತಿಳಿಸಿ.

* ಬುತ್ತಿ ಒಯ್ಯುವುದಾದರೆ ಅನುಮತಿ ಪಡೆದು, ಬಿಸಿಯಾಗಿಯೇ ಒಯ್ಯಿರಿ. ನಮ್ಮ ಬಿಸಿಲಿನಲ್ಲಿ ಬೆಳಗಿನ ಅನ್ನ ಮಧ್ಯಾಹ್ನಕ್ಕೆ ಕೆಟ್ಟಿರಬಹುದು. ಮೆತ್ತನೆಯ ಜೋಳದ ರೊಟ್ಟಿ, ಹೆಸರುಬೇಳೆ ತವ್ವೆ ಹಲವರಿಗೆ ಒಗ್ಗುತ್ತವೆ. ಮಂಡಾಳ ಒಗ್ಗರಣಿ, ಮಿರ್ಚಿ ಮನೆಗೆ ಬಂದ ಮೇಲೆ ನೋಡೋಣ.

* ರೋಗಿಯ ಜತೆಗಿರುವವರೂ ಹೊತ್ತಿಗೆ ಸರಿಯಾಗಿ ಉಣ್ಣಬೇಕು. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳು ಹಲವು ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಬಳಿಯೇ ಇವೆ, ವಿಚಾರಿಸಿ.

ಎಲ್ಲ ಆಸ್ಪತ್ರೆಗಳ ಅಡುಗೆಯೂ ಒಂದೇ ಸಮನಾಗಿರುವುದಿಲ್ಲ, ನಿಜ. ಊಟ ತಣ್ಣಗಿದ್ದರೆ, ಬೆಂದಿರದಿದ್ದರೆ, ತಡವಾದರೆ ಸುಮ್ಮನಿರದೆ ದೂರು ಕೊಡಿ. ಸರಿಯಾದ ಔಷಧಿ ಕೇಳುವಷ್ಟೇ ಹಕ್ಕು ಇದಕ್ಕೂ ಇದೆ. ಆದರೆ ಸಪ್ಪೆ ಎಂಬುದೊಂದೇ ಕಾರಣಕ್ಕೆ ತಟ್ಟೆ ಸರಿಸಬೇಡಿ. ಮಾತ್ರೆ ಕಹಿಯೆಂದು ನಾವು ಎಸೆಯುವುದಿಲ್ಲವಲ್ಲ!