ಹಾಸಿಗೆ ಹಿಡಿದ ಹಿರಿಯರು ಮತ್ತು ಅವರ ಆರೈಕೆದಾರರು: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದ ಸಂಗತಿಗಳು



ಗ್ರಾಮಸಭೆಗೆ ಬಂದು, ಪಿಂಚಣಿ ಏಕೆ ನಿಂತಿತೆಂದು ಗಟ್ಟಿದನಿಯಲ್ಲಿ ಕೇಳುವ ಹಿರಿಯರನ್ನು ತಾವೆಲ್ಲರೂ ಬಲ್ಲಿರಿ. ಈ ಲೇಖನವು ಸಭೆಗೆ ಬರಲಾಗದವರನ್ನು ಕುರಿತದ್ದು. ಪಾರ್ಶ್ವವಾಯು ತಗುಲಿ ಮಲಗಿದವರು, ದೃಷ್ಟಿ ಮಂದವಾಗಿ ಜಗಲಿ ಬಿಟ್ಟು ಇಳಿಯದವರು, ಮನೆಯವರ ಹೆಸರನ್ನೇ ಮರೆತವರು ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಅವರ ಹಿಂದೆ ಮತ್ತೊಬ್ಬರು ಇರುತ್ತಾರೆ: ಅರ್ಧ ದಿನವೂ ಮನೆ ಬಿಟ್ಟು ಹೋಗಲಾಗದ ಪತ್ನಿ, ಮಗಳು ಅಥವಾ ಸೊಸೆ.

ಸೌಲಭ್ಯಗಳು ಇಲ್ಲವೆಂದಲ್ಲ. ಅವು ನಾಡಕಚೇರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಉಪವಿಭಾಗಾಧಿಕಾರಿಗಳ ಕಚೇರಿ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಎಂದು ಹಂಚಿಹೋಗಿವೆ. ಈ ನಾಲ್ಕು ಬಾಗಿಲುಗಳಿಗೆ ಅಲೆಯಲು ಯಾರಿಗೆ ಬಿಡುವಿಲ್ಲವೋ ಅವರಿಗೇ ಅವು ಹೆಚ್ಚಾಗಿ ಬೇಕಾಗಿವೆ. ಆದ್ದರಿಂದ ಆ ಓಡಾಟದ ಒಂದು ಪಾಲನ್ನು ಸದಸ್ಯರು ವಹಿಸಿಕೊಳ್ಳುವುದು ಅವಶ್ಯವಾಗಿದೆ. ಇದು ಕೇವಲ ಔದಾರ್ಯದ ಮಾತಲ್ಲ. ವೃದ್ಧಾಪ್ಯ ಮತ್ತು ವಿಧವಾ ವೇತನ ಯೋಜನೆಗಳ ಮೇಲ್ವಿಚಾರಣೆಯು 1993ರ ಪಂಚಾಯತ್ ರಾಜ್ ಅಧಿನಿಯಮದ ಅನುಸೂಚಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರಕಾರ್ಯವಾಗಿಯೇ ಸೇರಿದೆ.

ಮೊದಲಿಗೆ ಪಿಂಚಣಿ. ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ತುಂಬಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮೊದಲಾದವರಿಗೆ ಸಂಬಂಧಿಸಿದ್ದು, ಮಾಸಿಕ 1,200 ರೂಪಾಯಿ ದೊರೆಯುತ್ತದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬೇಕು. ಅರ್ಜಿ ತಿರಸ್ಕೃತವಾದಾಗ ಅಥವಾ ಬರುತ್ತಿದ್ದ ಹಣ ನಿಂತಾಗ ಮೊದಲು ಎರಡು ಸಂಗತಿಗಳನ್ನು ಪರಿಶೀಲಿಸತಕ್ಕದ್ದು: ಆಧಾರ್‌ನಲ್ಲಿ ವಯಸ್ಸು ತಪ್ಪಾಗಿ ನಮೂದಾಗಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ. ಪಾರ್ಶ್ವವಾಯು ಅಥವಾ ಅಂಧತ್ವದಿಂದ ಶಾಶ್ವತ ನ್ಯೂನತೆ ಉಂಟಾಗಿದ್ದಲ್ಲಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿಸುವುದು ಒಳಿತು. "ಮುದುಕರಿಗೆ ಅದೇಕೆ?" ಎಂಬ ಮಾತಿನಿಂದಲೇ ಅನೇಕರು ಅದರಿಂದ ವಂಚಿತರಾಗಿದ್ದಾರೆ.

ಎರಡನೆಯದು ಕಾನೂನು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ ಪ್ರಕಾರ 60 ವರ್ಷ ತುಂಬಿದ, ತಮ್ಮ ಆದಾಯ ಅಥವಾ ಆಸ್ತಿಯಿಂದ ಜೀವನ ಸಾಗಿಸಲಾಗದ ಹಿರಿಯರು ಮಕ್ಕಳಿಂದ ಜೀವನಾಂಶ ಕೋರಬಹುದು. ತಂದೆತಾಯಿಗಳಿಗಾದರೆ 60 ತುಂಬಿರಬೇಕೆಂಬ ನಿಯಮವೂ ಇಲ್ಲ. ಮಕ್ಕಳಿಲ್ಲದವರು, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಉತ್ತರಾಧಿಕಾರದಿಂದ ಪಡೆಯಲಿರುವ ಸಂಬಂಧಿಕರಿಂದ ಕೋರಬಹುದು. ಅರ್ಜಿಯು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಸಲ್ಲುತ್ತದೆ. ಹಿರಿಯರು ಅಶಕ್ತರಾಗಿದ್ದಲ್ಲಿ ಅವರಿಂದ ಅಧಿಕೃತರಾದ ಬೇರೊಬ್ಬ ವ್ಯಕ್ತಿ ಅಥವಾ ಸಂಸ್ಥೆಯು ಅರ್ಜಿ ಸಲ್ಲಿಸಬಹುದು. ನ್ಯಾಯಮಂಡಳಿಯು ಸ್ವಯಂಪ್ರೇರಿತವಾಗಿಯೂ ವಿಚಾರಣೆಗೆ ತೆಗೆದುಕೊಳ್ಳಬಹುದು. ನೋಟಿಸು ಜಾರಿಯಾದ 90 ದಿನಗಳೊಳಗೆ, ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನಗಳೊಳಗೆ, ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು. ಈ ಅಧಿನಿಯಮದಡಿ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶಿಸಲು ಅವಕಾಶವಿದೆ. ಆದೇಶದಿಂದ ಅಸಮಾಧಾನಗೊಂಡ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು.

ಇದೇ ಅಧಿನಿಯಮದ 23ನೇ ಪ್ರಕರಣವನ್ನು ಸದಸ್ಯರು ವಿಶೇಷವಾಗಿ ನೆನಪಿನಲ್ಲಿಡಬೇಕು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಜಮೀನು ಅಥವಾ ಮನೆಯನ್ನು ದಾನಪತ್ರದ ಮೂಲಕ ಕೊಟ್ಟಿದ್ದು, ಪಡೆದವರು ಆ ಷರತ್ತನ್ನು ಪಾಲಿಸದಿದ್ದರೆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಆದರೆ ಅಂತಹ ಷರತ್ತು ಇತ್ತೆಂಬುದು ಸಾಬೀತಾಗಬೇಕು. "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಎಂಬ ರೂಢಿಯ ಒಂದು ಸಾಲನ್ನಷ್ಟೇ ಬರೆಸಿ ಹೆಬ್ಬೆಟ್ಟು ಒತ್ತಿದವರು ಅನಂತರ ಬಹಳ ಕಷ್ಟಪಡುತ್ತಾರೆ. ಊರಿನಲ್ಲಿ ಯಾರಾದರೂ ಮಕ್ಕಳ ಹೆಸರಿಗೆ ಪತ್ರ ಬರೆದುಕೊಡಲು ಹೊರಟಿದ್ದಾರೆಂದು ತಿಳಿದರೆ, ಅನ್ನ, ವಸತಿ, ಔಷಧಿಯ ಹೊಣೆಯನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸುವಂತೆ ನೋಂದಣಿಗೆ ಮೊದಲೇ ಹೇಳಿರಿ. ನೋಂದಣಿಯಾದ ಮೇಲೆ ಪಂಚಾಯಿತಿ ಕಟ್ಟೆಯಲ್ಲಿ ಎಷ್ಟು ನ್ಯಾಯ ಹೇಳಿದರೂ ಫಲ ಅಲ್ಪ.

ಈ ಕಾನೂನಿನ "ಮಕ್ಕಳು" ಎಂಬ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ, ಸೊಸೆಯ ಹೆಸರಿಲ್ಲ. ನಮ್ಮ ಊರುಗಳಲ್ಲಾದರೋ ಮಲಗಿದವರ ಮೈ ಒರೆಸುವುದು, ಮಲಮೂತ್ರ ತೆಗೆಯುವುದು, ರಾತ್ರಿ ಎದ್ದು ನೀರು ಕೊಡುವುದು ಬಹುಪಾಲು ಸೊಸೆಯ ಪಾಲಿಗೇ ಬಂದಿದೆ. ಜೀವನಾಂಶದ ಆದೇಶವು ಹಣ ತರಬಲ್ಲದು, ಆಕೆಗೆ ಒಂದು ರಾತ್ರಿಯ ನಿದ್ರೆ ತರಲಾರದು. ಹಿರಿಯರನ್ನು ಕಡೆಗಣಿಸಲಾಗಿದೆಯೆಂಬ ದೂರು ಬಂದಾಗ ಮೊದಲು ಆ ಮನೆಗೆ ಹೋಗಿ, ಆರೈಕೆ ಮಾಡುವವರು ಯಾರು, ಅವರು ಕೂಲಿ ಬಿಟ್ಟು ಎಷ್ಟು ಕಾಲವಾಯಿತು, ಒಡಹುಟ್ಟಿದವರು ಯಾರಾದರೂ ಪಾಳಿ ಹಂಚಿಕೊಂಡಿದ್ದಾರೆಯೇ ಎಂದು ಕೇಳುವುದು ಅಗತ್ಯ. ಎಷ್ಟೋ ಸಂದರ್ಭಗಳಲ್ಲಿ ನಿರ್ದಯೆಯೆಂದು ಕಂಡದ್ದು ಕೇವಲ ಬಳಲಿಕೆಯಾಗಿರುತ್ತದೆ. ಹೊಡೆತ, ಉಪವಾಸ ಕೆಡಹುವುದು, ಮನೆಯಿಂದ ಹೊರಹಾಕುವುದು ಬೇರೆಯೇ ಮಾತು. ಹಿರಿಯರನ್ನು ತ್ಯಜಿಸುವುದು 3 ತಿಂಗಳವರೆಗೆ ಸೆರೆವಾಸಕ್ಕೆ ಗುರಿಪಡಿಸಬಹುದಾದ ಅಪರಾಧ. ಅಲ್ಲಿ ರಾಜಿ ಪಂಚಾಯಿತಿಗೆ ಎಡೆಯಿಲ್ಲ.

ಆರೈಕೆದಾರರಿಗೆ ನಿಜವಾಗಿ ಬೇಕಾದ ನೆರವು ಆರೋಗ್ಯ ಇಲಾಖೆಯ ಬಳಿ ಇದೆ. 2010-11ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ಪಾಲನೆಯ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಚಿಕಿತ್ಸಾಲಯ ನಡೆಯಬೇಕು. ಉಪಕೇಂದ್ರದ ಸಿಬ್ಬಂದಿಯು ಹಾಸಿಗೆ ಹಿಡಿದವರ ಮನೆಗೆ ಭೇಟಿ ನೀಡಬೇಕು ಮತ್ತು ಆರೈಕೆ ಮಾಡುವ ಮನೆಯವರಿಗೆ ತರಬೇತಿ ಕೊಡಬೇಕು. ಈ ಕೊನೆಯ ಅಂಶ ಹಲವರಿಗೆ ತಿಳಿದೇ ಇಲ್ಲ. ಮಲಗಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು, ಸೊಂಟ ಮತ್ತು ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು, ನುಂಗಲು ಕಷ್ಟವಿರುವವರಿಗೆ ಮಲಗಿಸಿ ಉಣಿಸಬಾರದು ಎಂಬ ಇಷ್ಟನ್ನು ಒಬ್ಬ ಆರೋಗ್ಯ ಕಾರ್ಯಕರ್ತೆ ಮನೆಯಲ್ಲೇ ಮಾಡಿ ತೋರಿಸಿದರೆ, ತಿಂಗಳುಗಟ್ಟಲೆ ಮಾಯದ ಹಾಸಿಗೆ ಹುಣ್ಣನ್ನು ಎಷ್ಟೋ ಮಟ್ಟಿಗೆ ತಡೆಯಬಹುದು. ವಾರ್ಡಿನಲ್ಲಿ ಹಾಸಿಗೆ ಹಿಡಿದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯ ಜೊತೆ ಕುಳಿತು ಸಿದ್ಧಪಡಿಸಿ ವೈದ್ಯಾಧಿಕಾರಿಗಳಿಗೆ ಲಿಖಿತವಾಗಿ ನೀಡಿರಿ. ಬಾಯಿಮಾತಿನ ಕೋರಿಕೆ ಮರೆತುಹೋಗುತ್ತದೆ.

ಮರೆವಿನ ಕಾಯಿಲೆಯ ಬಗ್ಗೆ ಒಂದು ಮಾತು. "ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ಎಷ್ಟು ಮನೆಗಳಲ್ಲಿ ಚಿಕಿತ್ಸೆಯ ದಾರಿಯನ್ನು ಮುಚ್ಚಿದೆಯೋ ತಿಳಿಯದು. ಡಿಮೆನ್ಷಿಯಾ ಎಂಬುದು ಮುಪ್ಪಿನ ಸಹಜ ಲಕ್ಷಣವಲ್ಲ, ಕಾಯಿಲೆ. ಥೈರಾಯ್ಡ್ ತೊಂದರೆ ಅಥವಾ ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಕಾಣಿಸಿಕೊಳ್ಳಬಹುದು, ಅವುಗಳಿಗೆ ಔಷಧಿಯಿದೆ. ಆದ್ದರಿಂದ ಒಮ್ಮೆಯಾದರೂ ವೈದ್ಯರಿಗೆ ತೋರಿಸಬೇಕು. ಇಂಥವರನ್ನು ನೋಡಿಕೊಳ್ಳುವವರಿಗೆ ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪಿಂಚಣಿ, ಕಾನೂನು, ದೌರ್ಜನ್ಯ ಮುಂತಾದ ವಿಷಯಗಳಿಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಈ ಎರಡು ಸಂಖ್ಯೆಗಳನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲಷ್ಟೇ ಬರೆಸಿದರೆ ಸಾಲದು, ನ್ಯಾಯಬೆಲೆ ಅಂಗಡಿ ಮತ್ತು ಹಾಲಿನ ಡೇರಿಯ ಗೋಡೆಯ ಮೇಲೂ ಬರೆಸಬೇಕು. ಆರೈಕೆ ಮಾಡುವ ಹೆಣ್ಣುಮಕ್ಕಳು ಬಂದು ಹೋಗುವುದು ಅಲ್ಲಿಗೆ.

ಊರುಗೋಲು, ಗಾಲಿಕುರ್ಚಿ, ಶ್ರವಣ ಸಾಧನ, ಕನ್ನಡಕಗಳನ್ನು ಬಡ ಹಿರಿಯರಿಗೆ ನೀಡುವ ರಾಷ್ಟ್ರೀಯ ವಯೋಶ್ರೀ ಯೋಜನೆಯು 2017ರಿಂದ ಇದೆ. ಇದರ ವಿತರಣೆ ಶಿಬಿರಗಳಲ್ಲಿ ನಡೆಯುವುದರಿಂದ, ಹೆಸರುಗಳನ್ನು ಮುಂಚಿತವಾಗಿ ಗುರುತಿಸಿಟ್ಟ ಪಂಚಾಯಿತಿಗಳಿಗೆ ಅನುಕೂಲ ಹೆಚ್ಚು.

ಇವೆಲ್ಲಕ್ಕೂ ತಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಿರಿ. ಮುಂದಿನ ವಾರ್ಡ್ ಸಭೆಗೆ ಮುನ್ನ ಅವರೊಂದಿಗೆ ಮನೆ ಮನೆಗೆ ಹೋಗಿ, ಹಿರಿಯರ ಹೆಸರು, ವಯಸ್ಸು, ಪಿಂಚಣಿಯ ಸ್ಥಿತಿಗಳ ಪಕ್ಕದಲ್ಲಿ ಆರೈಕೆ ಮಾಡುವವರ ಹೆಸರಿಗೂ ಒಂದು ಅಂಕಣ ಇಡುವಂತೆ ಕೋರಲಾಗಿದೆ. ಹಿರಿಯರ ಎದುರಿನಲ್ಲಿ ಅವರು ಮನಬಿಚ್ಚಿ ಮಾತನಾಡಲಾರರು. ಅವರನ್ನು ಅಂಗಳಕ್ಕೆ ಕರೆದು ಪ್ರತ್ಯೇಕವಾಗಿ ವಿಚಾರಿಸಿರಿ.